ಹಸಿ ಮರವೇ ಗೆಲ್ಲುವ ಟೆಂಡರ್: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಂಜಿನಿಯರುಗಳಿಗೆ ಬಹಿರಂಗ ಪತ್ರ

ಗೆ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸರ್ಕಾರಿ ಕಟ್ಟಡಗಳ ಎಸ್ಟಿಮೇಟ್ ಮಾಡುವ, ಟೆಂಡರ್ ಕರೆಯುವ, ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆಯುವ ಎಲ್ಲ ಎಂಜಿನಿಯರುಗಳಿಗೆ, ಟೆಂಡರ್ ಅಂಗೀಕರಿಸುವ ಅಧಿಕಾರಿಗಳಿಗೆ

ಮಾನ್ಯರೇ,

ಹೊಸದಾಗಿ ಕಟ್ಟಿದ ಸರ್ಕಾರಿ ಶಾಲೆಯ ಒಂದು ಬಾಗಿಲನ್ನು ಮಾರ್ಚ್ ತಿಂಗಳಲ್ಲಿ ಹತ್ತಿರ ಹೋಗಿ ನೋಡಿ. ಕದದ ಹಲಗೆಗಳ ನಡುವೆ ಐದು ರೂಪಾಯಿ ನಾಣ್ಯ ತೂರುವಷ್ಟು ಸಂದು. ದಾರಂದದ (ಬಾಗಿಲ ಚೌಕಟ್ಟಿನ) ಮೇಲಿನ ಮೂಲೆಯ ಕೂಡು ಬಾಯಿ ಬಿಟ್ಟಿದೆ. ಮರಕ್ಕೂ ಗೋಡೆಗೂ ನಡುವಿನ ಗಾರೆ ಉದ್ದಕ್ಕೂ ಸೀಳಿದೆ. ಅದೇ ಬಾಗಿಲನ್ನು ಜುಲೈನಲ್ಲಿ ನೋಡಿ. ಕದ ಉಬ್ಬಿ ದಾರಂದಕ್ಕೆ ಉಜ್ಜುತ್ತಿದೆ, ಚಿಲಕ ತನ್ನ ತೂತಿಗೆ ಸೇರುತ್ತಿಲ್ಲ. ಬಡಗಿಯನ್ನು ಕರೆಸಿ ಅಂಚು ಹೆರೆಸುತ್ತಾರೆ. ಮುಂದಿನ ಮಾರ್ಚಿಗೆ ಸಂದು ಮತ್ತಷ್ಟು ಅಗಲ.

ಇದಕ್ಕೆ ಬಡಗಿಯ ಮೇಲೆ ದೂರು ಹೋಗುತ್ತದೆ, ಮರ ಕೊಟ್ಟವನಿಗೆ ನೋಟಿಸ್ ಹೋಗುತ್ತದೆ. ತಪ್ಪು ಶುರುವಾದದ್ದು ಅದಕ್ಕೂ ತಿಂಗಳುಗಟ್ಟಲೆ ಮೊದಲು, ಬಿಒಕ್ಯೂ (ಕೆಲಸದ ಬಾಬು, ಪ್ರಮಾಣಗಳ ಪಟ್ಟಿ) ಹಾಳೆಯಲ್ಲಿ. ಅಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ‘ಉತ್ತಮ ಗುಣಮಟ್ಟದ ಜಂಗಲ್‌ವುಡ್ ಚೌಕಟ್ಟು, 125×75 ಮಿ.ಮೀ., ಸರಬರಾಜು ಮಾಡಿ ಕೂರಿಸುವುದು’. ಯಾವ ಮರ ಎಂದಿಲ್ಲ. ಎಷ್ಟು ಒಣಗಿರಬೇಕು ಎಂದಿಲ್ಲ. 125×75 ಅಂದರೆ ಗರಗಸದ ಅಳತೆಯೋ ಕೀಸುಳಿ ಹೊಡೆದ ಮೇಲಿನ ಅಳತೆಯೋ ಎಂದೂ ಇಲ್ಲ. ಇಂಥ ಸಾಲಿಗೆ ಹತ್ತು ಜನ ದರ ಹಾಕಿದರೆ ಹತ್ತು ಬೇರೆ ಬೇರೆ ಸಾಮಾನಿಗೆ ದರ ಹಾಕಿದಂತೆ. ಅವುಗಳಲ್ಲಿ ಅಗ್ಗವಾಗಿ ಬರುವುದು ನಿನ್ನೆ ಸೀಳಿದ, ನೀರು ತುಂಬಿದ, ಬಿಳಿಭಾಗ (ತೊಗಟೆಯೊಳಗಿನ ಮೆದು ಮರ) ಸೇರಿದ ಮರ. ಎಲ್‌ಒನ್ (ಅತಿ ಕಡಿಮೆ ದರದ ಸ್ಥಾನ) ಅದಕ್ಕೇ ಸಿಗುತ್ತದೆ. ಆರು ತಿಂಗಳು ಒಣಗಿಸಿ ಇಟ್ಟವನು ಬಡ್ಡಿ ಕಟ್ಟಿ, ಜಾಗ ಕಟ್ಟಿ, ಕೊನೆಗೆ ಎಲ್‌ಫೋರ್ ಆಗಿ ಮನೆಗೆ ಹೋಗುತ್ತಾನೆ.

ಸಾಮಿಲ್, ಮರಗೆಲಸ, ಸರಬರಾಜು ಈ ಮೂರೂ ಕಡೆ ಕೆಲಸ ಮಾಡುವವರು ಸೇರಿ ಇದನ್ನು ಬರೆಯುತ್ತಿದ್ದೇವೆ. ದರ ಹೆಚ್ಚಿಸಿ ಎಂದು ಕೇಳುವ ಪತ್ರ ಇದಲ್ಲ. ಟೆಂಡರಿನಲ್ಲಿ ಮರವನ್ನು ಮರವಾಗಿ ಬರೆಯಿರಿ, ಅದು ಒಣಗಲು ಬೇಕಾದ ಕಾಲವನ್ನೂ ಬರೆಯಿರಿ ಎಂಬುದೇ ನಮ್ಮ ಬೇಡಿಕೆ.

ಮೊದಲು ನೀರಿನ ವಿಷಯ, ಯಾಕೆಂದರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಂದಲೇ ಹುಟ್ಟುತ್ತದೆ. ಹಸಿ ದಿಮ್ಮಿಯಲ್ಲಿ ಒಣಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ಅದು ಇಳಿಯುತ್ತಾ ಸುಮಾರು 30%ಕ್ಕೆ ಬರುವವರೆಗೆ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಒಂದು ತಿಂಗಳು ಬಿಸಿಲಿಗೆ ಇಟ್ಟ ದಾರಂದದ ಅಳತೆ ಬದಲಾಗಿಲ್ಲ ಎಂದು ಜೆಇ (ಕಿರಿಯ ಎಂಜಿನಿಯರ್) ಸಾಹೇಬರು ಟೇಪ್ ಹಿಡಿದು ಪಾಸ್ ಮಾಡುತ್ತಾರೆ. ಕುಗ್ಗುವುದು ಶುರುವಾಗುವುದೇ 30%ಕ್ಕಿಂತ ಕೆಳಗೆ ಇಳಿದ ಮೇಲೆ, ಅಷ್ಟರಲ್ಲಿ ಅದು ಗೋಡೆಯಲ್ಲಿ ಕೂತಿರುತ್ತದೆ. ತೇಗದಂಥ ಕಡಿಮೆ ಕುಗ್ಗುವ ಮರದಲ್ಲೇ, ಅಡ್ಡಸೀಳಿನ 200 ಮಿ.ಮೀ. ಅಗಲದ ಹಲಗೆ 25%ರಿಂದ 12%ಕ್ಕೆ ಇಳಿದರೆ ಸುಮಾರು 5 ಮಿ.ಮೀ. ಕುಗ್ಗುತ್ತದೆ. ಮೇಲೆ ಹೇಳಿದ ನಾಣ್ಯದ ಸಂದು ಎಂದರೆ ಇದೇ. ಮತ್ತಿ, ನಂದಿಯಂಥ ಮರಗಳು ಇದಕ್ಕಿಂತ ಹೆಚ್ಚು ಎಳೆಯುತ್ತವೆ, ಜೊತೆಗೆ ತಿರುಚಿಕೊಳ್ಳುತ್ತವೆ.

ಎಷ್ಟು ಒಣಗಿರಬೇಕು ಎಂಬುದಕ್ಕೆ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐಎಸ್ 287 ಎಂಬ ಭಾರತೀಯ ಮಾನಕ ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿ, ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದು ಎಂದು ಹೇಳಿದೆ. ಬಾಗಿಲು ಕಿಟಕಿಯ 50 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಮರಕ್ಕೆ ವಲಯದ ಪ್ರಕಾರ 10ರಿಂದ 16%, ಅದಕ್ಕಿಂತ ತೆಳುವಾದದ್ದಕ್ಕೆ 8ರಿಂದ 14%, ತೊಲೆ ಪಕಾಸಿಗಳಿಗೆ 12ರಿಂದ 20%. ಇಷ್ಟು ಸ್ಪಷ್ಟವಾದ ಕೋಷ್ಟಕ ಇದ್ದರೂ ಅನೇಕ ಬಿಒಕ್ಯೂಗಳಲ್ಲಿ ‘ಚೆನ್ನಾಗಿ ಒಣಗಿದ’ ಎಂಬ ಎರಡು ಪದ ಮಾತ್ರ ಇರುತ್ತವೆ. ಆ ಎರಡು ಪದಗಳನ್ನು ಅಳೆಯುವ ಯಂತ್ರ ಇಲ್ಲ. 14% ಎಂದು ಬರೆದರೆ ಅಳೆಯಬಹುದು.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮೂಡಿಗೆರೆ, ಸಕಲೇಶಪುರ, ಶೃಂಗೇರಿ, ಕೊಪ್ಪದಲ್ಲಿ ಮಳೆಗಾಲದ ಗಾಳಿಯ ತೇವ 85% ದಾಟಿ ವಾರಗಟ್ಟಲೆ ಹಾಗೇ ನಿಲ್ಲುತ್ತದೆ. ಅಂಥ ಗಾಳಿಯಲ್ಲಿ ಎಷ್ಟೇ ಒಣಗಿಸಿದ ಮರವೂ 18%ರ ಸುತ್ತ ಬಂದು ನಿಲ್ಲುತ್ತದೆ. ಕಡೂರು, ಅರಸೀಕೆರೆಯಲ್ಲಿ ಬೇಸಿಗೆಯ ಗಾಳಿ 45%ಕ್ಕೆ ಇಳಿದಾಗ ಅದೇ ಮರ 8–9%ಕ್ಕೆ ಇಳಿಯುತ್ತದೆ. ಮೂಡಿಗೆರೆಯಿಂದ ಕಡೂರಿಗೆ ಲಾರಿಯಲ್ಲಿ ಕೆಲವು ಗಂಟೆಯ ದಾರಿ, ಮರಕ್ಕೆ ಅದು ಬೇರೆ ದೇಶ. ಜಿಲ್ಲೆಗೆಲ್ಲ ಒಂದೇ ನಮೂನೆಯ ಸ್ಪೆಸಿಫಿಕೇಶನ್ ಹಾಕುವುದನ್ನು ಬಿಡಿ. ಮಲೆನಾಡಿನ ತಾಲ್ಲೂಕುಗಳಿಗೆ ದಾರಂದಕ್ಕೆ 14–16%, ಬಯಲುಸೀಮೆಯ ತಾಲ್ಲೂಕುಗಳಿಗೆ 12% ಎಂದು ಎರಡು ಸಾಲು ಬರೆದರೆ ಸಾಕು. ಮಲೆನಾಡಿನ ಶಾಲೆಗೆ 8%ಕ್ಕೆ ಇಳಿಸಿದ ಕದ ಹಾಕಿದರೂ ತಪ್ಪೇ: ಮೊದಲ ಮಳೆಗೇ ಉಬ್ಬಿ ಹಿಡಿದುಕೊಳ್ಳುತ್ತದೆ.

ಇನ್ನು ಅಳೆಯುವ ಬಗೆ. ಎರಡು ಸೂಜಿಯ ತೇವಮಾಪಕ ಪ್ರತಿ ಉಪವಿಭಾಗದಲ್ಲಿ ಒಂದಿರಲಿ, ಅದು ದೊಡ್ಡ ಖರ್ಚಿನ ಮಾತಲ್ಲ. ಸೂಜಿಯನ್ನು ತುಂಡಿನ ತುದಿಗೆ ಚುಚ್ಚಬೇಡಿ. ತುದಿ ಬೇಗ ಒಣಗುತ್ತದೆ, ಒಳಗೆ 24% ಇದ್ದರೂ ಅಲ್ಲಿ 13% ತೋರಿಸಬಹುದು. ತುದಿಯಿಂದ ಕನಿಷ್ಠ 30 ಸೆಂ.ಮೀ. ಒಳಗೆ, ಗಂಟು ಸೀಳು ಇಲ್ಲದ ಕಡೆ, ಒಂದು ತುಂಡಿಗೆ ಮೂರು ಜಾಗ ನೋಡಿ. 75 ಮಿ.ಮೀ. ದಪ್ಪದ ದಾರಂದಕ್ಕೆ ಗಿಡ್ಡ ಸೂಜಿ ಮೇಲ್ಮೈಯ ಕಥೆಯನ್ನಷ್ಟೇ ಹೇಳುತ್ತದೆ. ಅನುಮಾನ ಬಂದ ಕೂಡಲೇ ಒಂದು ತುಂಡನ್ನು ನಡುವೆ ಕತ್ತರಿಸಿ, ಹೊಸ ಮುಖದ ಮಧ್ಯಕ್ಕೆ ಚುಚ್ಚಿ. ಮಳೆಯಲ್ಲಿ ನೆನೆದು ಬಂದ ಲೋಡಿನ ಹೊರಮೈ ಜಾಸ್ತಿ ತೋರಿಸುತ್ತದೆ, ಬೋರಾನ್ ಉಪ್ಪು ಕುಡಿಸಿದ ಮರವೂ ಜಾಸ್ತಿ ತೋರಿಸುತ್ತದೆ. ಅಂಥ ಲೋಡನ್ನು ಮಾಪಕ ನೋಡಿ ತಿರಸ್ಕರಿಸಿದರೆ ಸರಬರಾಜುದಾರನಿಗೆ ಅನ್ಯಾಯ.

ತಕರಾರು ಬಂದಾಗ ತೀರ್ಮಾನ ಕೊಡುವುದು ಓವನ್. ತುಂಡಿನ ನಡುವಿನಿಂದ ಒಂದು ಅಂಗುಲ ದಪ್ಪದ ಬಿಲ್ಲೆ ಕತ್ತರಿಸಿ ತಕ್ಷಣ ತೂಗಿ. 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಮೊದಲು 236 ಗ್ರಾಂ, ಆಮೇಲೆ 200 ಗ್ರಾಂ ಬಂದರೆ ಕಳೆದದ್ದು 36 ಗ್ರಾಂ. ಅದನ್ನು ಒಣತೂಕ 200ರಿಂದ ಭಾಗಿಸಿದರೆ 18%. 236ರಿಂದ ಭಾಗಿಸಿ 15% ಎಂದು ಬರೆಯುವ ತಪ್ಪು ಆಗುತ್ತದೆ, ಆ ಮೂರು ಅಂಕದಲ್ಲಿ ಲೋಡು ಪಾಸೂ ಆಗಬಹುದು, ಫೇಲೂ ಆಗಬಹುದು. ಮಣ್ಣು ಪರೀಕ್ಷೆಗೆ ಓವನ್ ಇಟ್ಟುಕೊಂಡಿರುವ ಎಂಜಿನಿಯರಿಂಗ್ ಕಾಲೇಜುಗಳು ಹಾಸನದಲ್ಲೂ ಇವೆ, ಚಿಕ್ಕಮಗಳೂರಿನಲ್ಲೂ ಇವೆ. ಬೆಂಗಳೂರಿಗೆ ಕಳಿಸಿ ತಿಂಗಳು ಕಾಯಬೇಕಾಗಿಲ್ಲ.

ಒಣಗಲು ಎಷ್ಟು ದಿನ ಬೇಕು ಎಂಬುದು ಮುಂದಿನ ಪ್ರಶ್ನೆ, ಅಲ್ಲೇ ಸರ್ಕಾರಿ ಕ್ಯಾಲೆಂಡರ್ ಮರದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಒಂದು ಅಂಗುಲದ ಹಲಗೆ ನೆರಳಿನಲ್ಲಿ, ಗಾಳಿಯಾಡುವ ಶೆಡ್ಡಿನಲ್ಲಿ, ಒಣಹವೆಯಲ್ಲಿ ಎರಡರಿಂದ ನಾಲ್ಕು ತಿಂಗಳು ತೆಗೆದುಕೊಳ್ಳುತ್ತದೆ. ಮೂರು ಅಂಗುಲದ ದಾರಂದಕ್ಕೆ ಆರು ತಿಂಗಳಿಂದ ಒಂದು ವರ್ಷ. ಜೋಡಿಸುವ ಕ್ರಮ ಸರಿ ಇದ್ದರೆ ಮಾತ್ರ ಈ ಲೆಕ್ಕ: ನೆಲದಿಂದ ಒಂದೂವರೆ ಅಡಿ ಎತ್ತರದ ಕಂಬಗಳ ಮೇಲೆ, ಪ್ರತಿ ಸಾಲಿನ ನಡುವೆ ಎರಡಡಿಗೊಂದರಂತೆ ಒಂದಂಗುಲದ ಪಟ್ಟಿ, ಪಟ್ಟಿಯ ಮೇಲೆ ಪಟ್ಟಿ ನೇರವಾಗಿ ಬರುವಂತೆ, ತುದಿಗಳಿಗೆ ಮೇಣ ಅಥವಾ ಬಿಟುಮೆನ್ ಬಳಿದು. ಪಟ್ಟಿಗಳು ಒಂದರ ಮೇಲೊಂದು ಬರದೆ ಆಚೆ ಈಚೆ ಆದರೆ ಹಲಗೆ ಅಲೆ ಅಲೆಯಾಗಿ ಬಗ್ಗುತ್ತದೆ, ತುದಿ ಬಳಿಯದಿದ್ದರೆ ಒಂದೊಂದು ತುದಿಯಲ್ಲೂ ಅರ್ಧ ಅಡಿ ಸೀಳಿ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಶೆಡ್ಡಿನಲ್ಲಿ ಮರ ಒಣಗುವುದೇ ಇಲ್ಲ ಎಂದಿಟ್ಟುಕೊಳ್ಳಿ. ಬೂಷ್ಟು ಮಾತ್ರ ಹಿಡಿಯುತ್ತದೆ.

ಈಗ ನಡೆಯುವುದು ಹೇಗೆ? ಹಣಕಾಸು ವರ್ಷದ ಕೊನೆಗೆ ಅನುದಾನ ಬಿಡುಗಡೆ, ಫೆಬ್ರವರಿಯಲ್ಲಿ ಟೆಂಡರ್, ಮಾರ್ಚ್ ಕೊನೆಗೆ ವರ್ಕ್ ಆರ್ಡರ್, ಮೂವತ್ತು ದಿನದೊಳಗೆ ಸರಬರಾಜು. ಮೂವತ್ತು ದಿನದಲ್ಲಿ ದಾರಂದ ಒಣಗಿಸಲು ಕಿಲ್ನ್ (ಬಿಸಿಗಾಳಿಯಲ್ಲಿ ಮರ ಒಣಗಿಸುವ ಕೋಣೆ) ಇದ್ದವನಿಗೂ ಕಷ್ಟ. ಒಂದಂಗುಲದ ಹಲಗೆ ಕಿಲ್ನ್‌ನಲ್ಲಿ ಒಂದೆರಡು ವಾರಕ್ಕೆ ಬರುತ್ತದೆ, ಮೂರಂಗುಲದ್ದಕ್ಕೆ ಅವಸರ ಮಾಡಿದರೆ ಹೊರಗೆ ಗಟ್ಟಿಯಾಗಿ ಒಳಗೆ ಜೇನುಗೂಡಿನಂತೆ ಬಿರಿಯುತ್ತದೆ. ಹಾಗಾಗಿ ಮೂವತ್ತು ದಿನ ಎಂದು ಬರೆದ ಟೆಂಡರ್‌ಗೆ ಪ್ರಾಮಾಣಿಕವಾಗಿ ದರ ಹಾಕಬಲ್ಲವನು ಮೊದಲೇ ಒಣಗಿದ ದಾಸ್ತಾನು ಇರುವವನು ಮಾತ್ರ. ಅವನ ದರವೂ ಅದಕ್ಕೆ ತಕ್ಕಂತಿರುತ್ತದೆ. ಉಳಿದವರು ಹಸಿ ಮರಕ್ಕೆ ಪ್ರೈಮರ್ ಬಳಿದು ಕಳಿಸುತ್ತಾರೆ. ಪ್ರೈಮರ್ ಒಳಗೆ ಸಿಕ್ಕಿಕೊಂಡ ನೀರು ಆ ಬಣ್ಣವನ್ನೇ ಗುಳ್ಳೆ ಎಬ್ಬಿಸಿ ಹೊರಗೆ ಬರುತ್ತದೆ.

ದಾರಿ ಇದೆ. ಶಾಲಾ ಕಟ್ಟಡಕ್ಕೆ ತಳಪಾಯ ತೋಡಿದ ದಿನ ದಾರಂದ ಬೇಕಾಗುವುದಿಲ್ಲ. ಅಡಿಪಾಯ, ಪ್ಲಿಂತ್, ಅದರ ಮೇಲೆ ಗೋಡೆ ಏಳುವಾಗ ಅದರ ಸರದಿ. ಕದದ ಸರದಿ ಗಿಲಾವು, ನೆಲಹಾಸು ಎಲ್ಲ ಮುಗಿದ ಮೇಲೆ. ಕಾಮಗಾರಿಯ ವರ್ಕ್ ಆರ್ಡರ್ ಜೊತೆಗೇ ಮರದ ಆರ್ಡರನ್ನೂ ಕೊಡಿ. ಸೀಳಿ ಜೋಡಿಸಿದ ಕೂಡಲೇ ಜೆಇ ಬಂದು ಎಣಿಸಿ, ಮುದ್ರೆ ಹಾಕಿ, ಒಂದು ಪಾಲು ಹಣ ಬಿಡುಗಡೆ ಮಾಡಲಿ; ಸೈಟಿಗೆ ಬಂದ ಸಾಮಗ್ರಿಯ ಮೇಲೆ ಮುಂಗಡ ಕೊಡುವ ಪದ್ಧತಿ ಕಾಮಗಾರಿ ಒಪ್ಪಂದಗಳಲ್ಲಿ ಹೊಸದೇನಲ್ಲ. ಬರಿಯ ಮರದ ಟೆಂಡರ್ ಆದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕರೆಯಿರಿ. ನವೆಂಬರ್‌ನಲ್ಲಿ ಸೀಳಿದ್ದು ಚಳಿಗಾಲದ ಒಣಗಾಳಿ, ಬೇಸಿಗೆ ಎರಡನ್ನೂ ಕುಡಿದು ಮೇ ತಿಂಗಳಿಗೆ ಸಿದ್ಧವಾಗುತ್ತದೆ. ಕಿಲ್ನ್ ಇಲ್ಲದ ಸಣ್ಣ ಸಾಮಿಲ್‌ಗಳೂ ಆಗ ಧೈರ್ಯವಾಗಿ ಬಿಡ್ ಹಾಕಬಹುದು, ನಿಮಗೂ ಸ್ಪರ್ಧೆ ಹೆಚ್ಚುತ್ತದೆ.

ಮರದ ಜಾತಿಗೆ ಬರೋಣ. ‘ಜಂಗಲ್‌ವುಡ್’ ಎಂಬ ಹೆಸರಿನ ಮರ ಯಾವ ಕಾಡಿನಲ್ಲೂ ಇಲ್ಲ. ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು, ಹಲಸು ಇವುಗಳಲ್ಲಿ ಯಾವುದು ಬೇಕೋ ಹೆಸರು ಹಿಡಿದು ಬರೆಯಿರಿ, ಅಥವಾ ‘ಇವುಗಳಲ್ಲಿ ಒಂದು, ಇಡೀ ಕಟ್ಟಡಕ್ಕೆ ಒಂದೇ ಜಾತಿ’ ಎಂದು ಬರೆಯಿರಿ. ದಾರಂದ ಮತ್ತಿಯದ್ದು, ಅಡ್ಡಪಟ್ಟಿ ಯಾವುದೋ ಬಿಳಿ ಮರದ್ದು ಆದರೆ ಎರಡೂ ಬೇರೆ ಬೇರೆ ಕುಗ್ಗಿ ಕೂಡು ಬಿಡುತ್ತದೆ. ಮಂಗಳೂರು ಬಂದರಿಗೆ ಬಂದು ಶಿರಾಡಿ ಹತ್ತಿ ಹಾಸನಕ್ಕೆ ಬರುವ ಮಲೇಷಿಯಾ ಸಾಲ್‌ನಂಥ ಆಮದು ಮರವೂ ದಾರಂದಕ್ಕೆ ಯೋಗ್ಯವೇ. ಆದರೆ ಹೆಸರು ಹೇಳಿ ತರಿಸಿ, ಹೊನ್ನೆ ಎಂದು ಬಣ್ಣ ಬಳಿದು ಬಂದದ್ದನ್ನು ಒಪ್ಪಬೇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ, ಚಾರ್ಮಾಡಿಗಳಲ್ಲಿ ಭಾರಿ ವಾಹನ ತಡೆದರೆ ಆ ಲೋಡು ಕೆಳಗೇ ನಿಲ್ಲುತ್ತದೆ ಎಂಬುದನ್ನೂ ಸರಬರಾಜಿನ ಅವಧಿಯಲ್ಲಿ ಗಮನಿಸಿ, ಅಂಥ ದಿನಗಳಿಗೆ ದಂಡ ಹಾಕಬೇಡಿ.

ಹೊನ್ನೆಗೆ ಒಂದು ಹಳೆಯ ಪರೀಕ್ಷೆ: ಚೇಗಿನ (ಒಳಗಿನ ಗಟ್ಟಿ ಮರದ) ಕೆಲವು ಸಿಪ್ಪೆಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೆ ನೀರು ಚಹಾ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಬಣ್ಣ ಬಳಿದ ಮರದಲ್ಲಿ ಬಣ್ಣ ಇಳಿಯಬಹುದು, ಆ ನೀಲಿ ಬರುವುದಿಲ್ಲ. ಆದರೂ ಇದು ಅನುಮಾನ ಪರಿಹಾರಕ್ಕೆ ಮಾತ್ರ. ಆ ಜಾತಿಗೆ ಹತ್ತಿರದ ಮರಗಳೂ ಹೊಳಪು ತೋರಬಲ್ಲವು. ದೊಡ್ಡ ಮೊತ್ತದ ಸರಬರಾಜಿನಲ್ಲಿ ಅಂಗೈಯಷ್ಟು ದೊಡ್ಡ ಮಾದರಿಗಳನ್ನು ಎರಡೂ ಕಡೆಯವರು ಸಹಿ ಮಾಡಿ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕಳಿಸಿ. ಮರದ ಜಾತಿ ಗುರುತಿಸುವ ಕೆಲಸ ಅಲ್ಲಿ ನಡೆಯುತ್ತದೆ.

ಸಿಲ್ವರ್ ಓಕ್ ಬಗ್ಗೆ ವಿಶೇಷವಾಗಿ ಹೇಳಬೇಕು. ನಮ್ಮ ಕಾಫಿ ತೋಟಗಳ ತುಂಬ ಅದೇ ಇದೆ, ಕಡಿಯಲು ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಡ, ಬೆಲೆಯೂ ಕೈಗೆಟುಕುತ್ತದೆ. ಆದ್ದರಿಂದ ಬಿಳಿಯಾಗಿ ಕಾಣದಂತೆ ಬಣ್ಣ ಬಳಿದು ಎಲ್ಲ ಕಡೆ ನುಗ್ಗಿಸುತ್ತಾರೆ. ಕೆಟ್ಟ ಮರ ಅದಲ್ಲ. ಆದರೆ ಅದಕ್ಕೆ ತನ್ನದೇ ರಕ್ಷಣೆ ಇಲ್ಲ, ಗೆದ್ದಲಿಗೂ ಕುಟ್ಟೆ ಹುಳುವಿಗೂ ಹಬ್ಬ. ಹಸಿಯಾಗಿರುವಾಗಲೇ ಬೊರಾಕ್ಸ್–ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಇಟ್ಟರೆ ಉಪ್ಪು ಮರದ ನೀರಿನ ಮೂಲಕ ಒಳಗಿನವರೆಗೆ ಹರಡುತ್ತದೆ. ಒಣಗಿದ ಮೇಲೆ ಅದ್ದಿದರೆ ಮೇಲಷ್ಟೇ ಉಳಿಯುತ್ತದೆ. ಬೋರಾನ್ ಮಳೆನೀರಿಗೆ ತೊಳೆದು ಹೋಗುವುದರಿಂದ ಒಳಗಿನ ಕದ, ಕಪಾಟು, ಸೂರಿನೊಳಗಿನ ರೀಪಿಗೆ (ಹೆಂಚು ಹೊರುವ ಪಟ್ಟಿಗೆ) ಸರಿ. ಮಳೆ ಹೊಡೆಯುವ ಹೊರಬಾಗಿಲಿಗೆ ಬೇಡ. ಮಕ್ಕಳ ಕೈ ತಾಗುವ ಕಡೆ ಆರ್ಸೆನಿಕ್ ಇರುವ ಸಿಸಿಎ ಉಪಚಾರ ಬೇಡ ಎಂಬುದು ನಮ್ಮ ಅಭಿಪ್ರಾಯ. ಉಪಚಾರ ಮಾಡಿದ ಸಿಲ್ವರ್ ಓಕ್‌ಗೆ ಬಿಒಕ್ಯೂನಲ್ಲಿ ಪ್ರತ್ಯೇಕ ಐಟಂ ಕೊಡಿ. ಬೆಳೆಗಾರನಿಗೂ ಮಾರುಕಟ್ಟೆ ಸಿಗುತ್ತದೆ, ಕಳ್ಳತನದಿಂದ ನುಗ್ಗುವ ಅಗತ್ಯವೂ ತಪ್ಪುತ್ತದೆ.

ಹೆಂಚಿನ ಶಾಲೆಗಳ ದುರಸ್ತಿಯಲ್ಲಿ ಈ ರೀಪಿನ ವಿಷಯ ದೊಡ್ಡದು. ಮಂಗಳೂರು ಹೆಂಚಿಗೆ ರೀಪಿನಿಂದ ರೀಪಿಗೆ ಸುಮಾರು 32 ಸೆಂ.ಮೀ. ಅಂತರ, ರೀಪಿನ ಅಳತೆ 50×25 ಮಿ.ಮೀ. ಹಸಿ ರೀಪು ಪಕಾಸಿಗಳ ನಡುವೆ ಹೆಂಚಿನ ಭಾರಕ್ಕೆ ಜಗ್ಗಿ ಹಾಗೆಯೇ ಒಣಗುತ್ತದೆ, ಮತ್ತೆ ನೇರವಾಗುವುದಿಲ್ಲ. ಜಗ್ಗಿದ ಕಡೆ ಹೆಂಚಿನ ತುಟಿ ಮೇಲಿನ ಹೆಂಚಿನಿಂದ ಕಳಚಿಕೊಂಡು ಬೆರಳಗಲ ಬಾಯಿ ತೆರೆಯುತ್ತದೆ. ಮೂಡಿಗೆರೆಯ ಮಳೆಗೆ ಅಷ್ಟು ಸಾಕು. ಹೆಂಚು ಬದಲಿಸಿದರೂ ಸೋರುವುದು ನಿಲ್ಲದಿರುವುದಕ್ಕೆ ಕಾರಣ ಹೆಂಚಿನಲ್ಲಿರುವುದಿಲ್ಲ.

ಅಳತೆಯ ಲೆಕ್ಕವನ್ನು ಅಂಕಿಯಲ್ಲೇ ತೋರಿಸುತ್ತೇವೆ. ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿಗೆ ಹೊಸ್ತಿಲಿಲ್ಲದ ದಾರಂದದ ಉದ್ದ 5.2 ಮೀಟರ್. 125×75ರಲ್ಲಿ ಒಂದಕ್ಕೆ 0.04875 ಘನ ಮೀಟರ್, ನಲವತ್ತು ಬಾಗಿಲಿಗೆ 1.95 ಘನ ಮೀಟರ್, ಅಂದರೆ ಸುಮಾರು 68.9 ಘನ ಅಡಿ. ಕೀಸುಳಿಗೆ ಒಂದು ಮುಖಕ್ಕೆ 3 ಮಿ.ಮೀ. ಹೋಗುತ್ತದೆ ಎಂದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ 125×75 ಸಿಗಬೇಕಾದರೆ 131×81ಕ್ಕೆ ಸೀಳಬೇಕು: ನಲವತ್ತು ಬಾಗಿಲಿಗೆ 77.9 ಘನ ಅಡಿ. ಗರಗಸದ ಅಳತೆಯೇ 125×75 ಎಂದು ಓದಿಕೊಂಡವನು ಕೊನೆಗೆ ಕೊಡುವುದು 119×69, ಅಂದರೆ ಬರೀ 60.3 ಘನ ಅಡಿ ಮರ. ಒಂದೇ ಸಾಲನ್ನು ಎರಡು ಬಗೆಯಲ್ಲಿ ಓದಿದ್ದಕ್ಕೆ ಹದಿನೇಳೂವರೆ ಘನ ಅಡಿ ವ್ಯತ್ಯಾಸ. ಘನ ಅಡಿಗೆ 3,000 ರೂಪಾಯಿ ಎಂದು ಹಿಡಿದರೂ ಸುಮಾರು 53 ಸಾವಿರ. ಎರಡರಲ್ಲಿ ಯಾವುದಾದರೂ ಆಗಲಿ, ‘ಕೀಸುಳಿ ನಂತರದ ಅಳತೆ’ ಅಥವಾ ‘ಗರಗಸದ ಅಳತೆ, ಕೀಸುಳಿಗೆ ಮುಖಕ್ಕೆ 3 ಮಿ.ಮೀ. ವಿನಾಯಿತಿ’ ಎಂದು ಬರೆಯಿರಿ. ಎಂ.ಬಿ. ಬರೆಯುವಾಗಲೂ ಅದನ್ನೇ ಹಿಡಿಯಿರಿ.

ದಿಮ್ಮಿಯ ಲೆಕ್ಕ ಇನ್ನೂ ಬೇರೆ. ಅರಣ್ಯ ಇಲಾಖೆಯ ಡಿಪೊ ಹರಾಜಿನಲ್ಲಿ ಹಿಡಿದ ದರ ಸುತ್ತಳತೆಯ ಕಾಲುಭಾಗದ ಸೂತ್ರದ ಮೇಲೆ ನಿಂತಿದ್ದರೆ, 120 ಸೆಂ.ಮೀ. ಸುತ್ತಳತೆ, 3 ಮೀಟರ್ ಉದ್ದದ ದಿಮ್ಮಿ 0.27 ಘನ ಮೀಟರ್. ನಿಜವಾದ ದುಂಡು ಗಾತ್ರ 0.344. ಆ 0.27ರಲ್ಲೂ ಬಿಳಿಭಾಗ, ಸೀಳು, ಗರಗಸದ ಹೊಟ್ಟು ಕಳೆದು ದಾರಂದಕ್ಕೆ ಸಿಗುವುದು ಎಷ್ಟು ಎಂದು ಆ ಜಾತಿಯನ್ನು ಸೀಳಿದವನಿಗಷ್ಟೇ ಗೊತ್ತು. ದಿಮ್ಮಿಯ ದರಕ್ಕೆ ಸಾಗಣೆ, ಕೂಲಿ ಸೇರಿಸಿ ಎಸ್ಟಿಮೇಟ್ ಮಾಡಿದರೆ ಅದು ಸೀಳಿದ ಮರದ ಅರ್ಧ ಬೆಲೆಯ ಹತ್ತಿರ ನಿಂತುಬಿಡುತ್ತದೆ. ಆಮೇಲೆ ಬಂದ ಸರಿಯಾದ ಬಿಡ್‌ಗಳೆಲ್ಲ ಎಸ್ಟಿಮೇಟ್‌ಗಿಂತ ಹೆಚ್ಚು ಎಂದು ತಿರಸ್ಕೃತವಾಗುತ್ತವೆ.

ಈಗ ನಮ್ಮದೇ ಜನಕ್ಕೆ, ಬಿಡ್ ಹಾಕುವವರಿಗೆ, ಇಲ್ಲೇ ಎರಡು ಮಾತು. ಸರ್ಕಾರಿ ಟೆಂಡರ್‌ಗಳ ಕೆಪಿಪಿಪಿ ಪೋರ್ಟಲ್‌ನಲ್ಲಿ ದರದ ಕಾಲಂ ಘನ ಮೀಟರಿಗೆ ಕೇಳಿದೆಯೋ ಘನ ಅಡಿಗೋ ನೋಡಿ. ಒಂದು ಘನ ಮೀಟರ್ ಎಂದರೆ 35.315 ಘನ ಅಡಿ, 3,000ದ ಜಾಗಕ್ಕೆ 1,05,945 ಬರಬೇಕು. ತಪ್ಪು ಘಟಕದಲ್ಲಿ ಹಾಕಿದ ದರ ಎಲ್‌ಒನ್ ಆದರೆ ಹಿಂದೆ ಸರಿದವನ ಇಎಂಡಿ (ಬಿಡ್ ಜೊತೆ ಕಟ್ಟಿದ ಠೇವಣಿ) ಹೋಗುತ್ತದೆ. ಸೀಳಿದ ಮರಕ್ಕೆ 18% ಜಿಎಸ್‌ಟಿ, ದರ ಅದನ್ನು ಸೇರಿಸಿಯೋ ಬಿಟ್ಟೋ ಎಂದು ಪ್ರಿ-ಬಿಡ್ ಹಂತದಲ್ಲೇ ಲಿಖಿತವಾಗಿ ಕೇಳಿ. ಒಪ್ಪಂದ 2.5 ಲಕ್ಷ ದಾಟಿದರೆ ಬಿಲ್ಲಿನಿಂದ 2% ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತಾರೆ. ಅದು ನಿಮ್ಮ ಖಾತೆಗೆ ಬರುತ್ತದಾದರೂ ಕೈಯಲ್ಲಿರುವ ಹಣ ಅಷ್ಟು ಕಡಿಮೆ. ಇಎಂಡಿಯನ್ನು ಕೊನೆಯ ಸಂಜೆ ನೆಫ್ಟ್ ಮಾಡಬೇಡಿ. ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೇ ಎಂದು ವಾರ ಮೊದಲು ನೋಡಿಕೊಳ್ಳಿ.

ದಾಖಲೆಗಳ ವಿಷಯದಲ್ಲಿ ಅಧಿಕಾರಿಗಳು ಕಟ್ಟುನಿಟ್ಟಾಗಿರಬೇಕೆಂದೇ ನಮ್ಮ ಒತ್ತಾಯ. ಸಾಮಿಲ್ ಪರವಾನಗಿ, ಡಿಪೊದಲ್ಲಿ ಕೊಂಡ ರಸೀದಿ ಅಥವಾ ಖಾಸಗಿ ಜಮೀನಿನ ಕಡಿತಲೆ ಆದೇಶ, ಸಾಗಣೆಯ ಪಾಸು, ದಿಮ್ಮಿಯ ಮೇಲಿನ ಸುತ್ತಿಗೆ ಮುದ್ರೆಯ ವಿವರ, ಇವಿಷ್ಟನ್ನು ತಾಂತ್ರಿಕ ಬಿಡ್‌ನಲ್ಲೇ ಕೇಳಿ. 1996ರ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದ ನಂತರ ಪರವಾನಗಿ ಇಲ್ಲದ ಸಾಮಿಲ್‌ಗೆ ಜಾಗವಿಲ್ಲ. ಆದರೂ ಮೂಲವೇ ಗೊತ್ತಿಲ್ಲದ ಮರ ಸರ್ಕಾರಿ ಕಟ್ಟಡಕ್ಕೇ ಬಂದು ಸೇರಿದರೆ ನ್ಯಾಯವಾಗಿ ತೆರಿಗೆ ಕಟ್ಟಿ, ಪಾಸು ಮಾಡಿಸಿ ತಂದವನು ಆ ದರಕ್ಕೆ ಎಂದಿಗೂ ಸರಿದೂಗಲಾರ. ಜೊತೆಗೆ, ಖಾಸಗಿ ಜಮೀನಿನ ತೇಗಕ್ಕೆ ಕಡಿತಲೆ ಅನುಮತಿ, ಹಕ್ಕಿನ ಪರಿಶೀಲನೆ, ಮುದ್ರೆ, ಪಾಸು ಎಲ್ಲ ಮುಗಿಯಲು ತಿಂಗಳುಗಳು ಬೇಕು. ತೇಗ ಕೇಳುವ ಟೆಂಡರಿನ ಅವಧಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ತಪಾಸಣೆಯನ್ನು ಸೈಟಿನಿಂದ ಸಾಮಿಲ್‌ಗೆ ತನ್ನಿ. ಲಾರಿ ಇಳಿಸಿದ ಮೇಲೆ ತಿರಸ್ಕರಿಸಿದರೆ ಸರಬರಾಜುದಾರನಿಗೆ ಎರಡು ಬಾಡಿಗೆ ನಷ್ಟ, ನಿಮಗೆ ಕಾಮಗಾರಿ ನಿಂತ ನಷ್ಟ. ಆ ಒತ್ತಡದಲ್ಲಿ ಕೊನೆಗೆ ಅರ್ಧ ಒಣಗಿದ್ದೇ ಗೋಡೆ ಸೇರುತ್ತದೆ. ಲೋಡ್ ಮಾಡುವ ಮೊದಲು ಮಿಲ್ಲಿನಲ್ಲೇ ನೂರು ತುಂಡಿಗೆ ಹತ್ತರಂತೆ ಆರಿಸಿ ಅಳೆದು, ಪಾಸಾದ ತುಂಡಿನ ತುದಿಗೆ ಜೆಇ ಮುದ್ರೆ ಹಾಕಿದರೆ ಅರ್ಧ ದಿನದ ಕೆಲಸ. ಸೈಟಿಗೆ ಬಂದ ಮೇಲೆ ಮುದ್ರೆ ಹೊಂದಿಸಿ ನೋಡಿದರೆ ಆಯಿತು. ಬಂದದ್ದನ್ನು ನೆಲದ ಮೇಲೆ, ಕ್ಯೂರಿಂಗ್ ನೀರು ಹರಿಯುವ ಕಡೆ ಹಾಕಿಸಬೇಡಿ. ಗೋಡೆಗೆ ತಾಗುವ ಮುಖಕ್ಕೆ ಬಿಟುಮೆನ್, ಉಳಿದ ಮುಖಗಳಿಗೆ ಪ್ರೈಮರ್ ಬಳಿದ ನಂತರವೇ ಹೋಲ್ಡ್‌ಫಾಸ್ಟ್ (ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಹಾಕಿ ನಿಲ್ಲಿಸಬೇಕು. 12%ಕ್ಕೆ ಒಣಗಿಸಿ ಕೊಟ್ಟ ದಾರಂದ ಹಸಿ ಗೋಡೆಯಿಂದ ನೀರು ಕುಡಿದು ಕೆಟ್ಟರೆ ಅದಕ್ಕೆ ಮರ ಕೊಟ್ಟವನು ಹೊಣೆಯಾಗಲಾರ.

ನಿಮ್ಮ ಮುಂದಿನ ಬಿಒಕ್ಯೂನಲ್ಲಿ ಹಾಗೇ ಇಳಿಸಿಕೊಳ್ಳಬಹುದಾದ ಸಾಲುಗಳನ್ನು ಕೆಳಗೆ ಬರೆದಿದ್ದೇವೆ. ತಾಲ್ಲೂಕಿಗೆ ತಕ್ಕಂತೆ ಶೇಕಡಾವಾರು ಬದಲಿಸಿಕೊಳ್ಳಿ:

‘ಮತ್ತಿ ಅಥವಾ ಹೊನ್ನೆ, ಇಡೀ ಕಟ್ಟಡಕ್ಕೆ ಒಂದೇ ಜಾತಿ, ಚೇಗು ಮಾತ್ರ, ಬಿಳಿಭಾಗ ಇರಕೂಡದು. ಕೀಸುಳಿ ನಂತರದ ಅಳತೆ 125×75 ಮಿ.ಮೀ. ಲೋಡ್ ಮಾಡುವ ದಿನ ತುಂಡಿನ ನಡುಭಾಗದ ತೇವ 14% ಮೀರಕೂಡದು. ತಕರಾರಿದ್ದಲ್ಲಿ ಓವನ್ ಪರೀಕ್ಷೆಯೇ ಅಂತಿಮ. ಸೀಳಿ ಜೋಡಿಸಿದ ನಂತರ ಒಮ್ಮೆ, ಲೋಡ್ ಮಾಡುವ ಮೊದಲು ಒಮ್ಮೆ ಸಾಮಿಲ್‌ನಲ್ಲಿ ತಪಾಸಣೆ. ಸರಬರಾಜಿನ ಅವಧಿ ಆದೇಶದಿಂದ 210 ದಿನ. ಮೊದಲ ತಪಾಸಣೆಯ ನಂತರ ಭಾಗಶಃ ಪಾವತಿ.’

ಈ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಶಾಲಾ ಕೊಠಡಿಗಳ ಎಸ್ಟಿಮೇಟ್‌ಗಳು ನಿಮ್ಮ ಮೇಜಿಗೆ ಬರುತ್ತವೆ. ಸಾಲುಗಳನ್ನು ಚರ್ಚಿಸಲು ಕರೆದರೆ ತೇವಮಾಪಕ, ಹಸಿ ಮತ್ತು ಒಣ ಮಾದರಿಗಳು, ಕತ್ತರಿಸಿ ನೋಡಲು ದಾರಂದದ ತುಂಡುಗಳನ್ನು ನಾವೇ ತರುತ್ತೇವೆ. ನಿಮ್ಮ ಕಚೇರಿಯಲ್ಲೇ ಚುಚ್ಚಿ ನೋಡಬಹುದು.

ಇತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಸಾಮಿಲ್‌ದಾರರು, ಬಡಗಿಗಳು ಮತ್ತು ಮರದ ಸರಬರಾಜುದಾರರು